ಉದ್ಯಾನದಲ್ಲಿ ಮಕ್ಕಳ ಪಾಲು

ಉದ್ಯಾನವನ್ನು ನೋಡಲು ಬಂದ ಶಾಲಾ ಮಕ್ಕಳ ಕಿವಿಗೆ ಮೊದಲು ಬೀಳುವ ಮಾತು ಸಾಮಾನ್ಯವಾಗಿ ‘ಮುಟ್ಟಬೇಡಿ’ ಎಂಬುದು. ಗಿಡಗಳ ರಕ್ಷಣೆಗೆ ಈ ನಿಷೇಧ ಅವಶ್ಯವೇ ಸರಿ. ಆದರೆ ಕೈಗೆ ಕೆಲಸವಿಲ್ಲದ ಕಡೆ ಮಗುವಿಗೆ ಆಟವಿಲ್ಲ; ಕಲಿಕೆಯೂ ಅಲ್ಪವೇ. ಈ ವಿರೋಧವನ್ನು ಉದ್ಯಾನದ ರಚನೆಯಿಂದಲೇ ಹೇಗೆ ಪರಿಹರಿಸಬಹುದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಜರ್ಮನಿಯ ಶಿಕ್ಷಣವೇತ್ತ ಫ್ರೀಡ್ರಿಕ್ ಫ್ರೋಬೆಲ್ಲನು (1782–1852) ಬ್ಲಾಂಕೆನ್‌ಬುರ್ಗಿನಲ್ಲಿದ್ದ ತನ್ನ ಶಿಶುಶಾಲೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನಿತ್ತನು. ಅದು ಬರಿಯ ಉಪಮೆಯಲ್ಲ. ನಿಜವಾದ ತೋಟವೂ ಅವನ ಯೋಜನೆಯ ಅಂಗವಾಗಿದ್ದಿತು. ಪ್ರತಿಯೊಂದು ಮಗುವಿಗೂ ಒಂದು ಪುಟ್ಟ ಮಡಿ. ಅವುಗಳ ಸುತ್ತ ಎಲ್ಲರೂ ಕೂಡಿ ಬೆಳೆಸುವ ಹೂವು, ತರಕಾರಿಗಳ ಸಾಮಾನ್ಯ ಮಡಿಗಳು. ತನ್ನ ಮಡಿಯಲ್ಲಿ ಮಗು ತನಗೆ ಬೇಕಾದುದನ್ನು ಬೇಕಾದಂತೆ ನೆಡಬಹುದಾಗಿದ್ದಿತು. ತಪ್ಪನ್ನು ತಿಳಿಸಿಕೊಡುವುದು ಬಾಡಿದ ಸಸಿಯೇ ಹೊರತು ಉಪಾಧ್ಯಾಯರ ಗದರಿಕೆಯಲ್ಲ.

ಒಂದು ದಿನದ ಮಟ್ಟಿಗೆ ಬಂದುಹೋಗುವ ಮಗುವಿಗೆ ಸ್ವಂತ ಮಡಿಯನ್ನು ಕೊಡಲಾಗದು. ಆದರೂ ತತ್ತ್ವವನ್ನು ಉಳಿಸಿಕೊಳ್ಳಬಹುದು: ನೋಡುವ ಭಾಗವನ್ನೂ ಮುಟ್ಟುವ ಭಾಗವನ್ನೂ ಬೇರ್ಪಡಿಸಬೇಕು. ಅಪೂರ್ವ ಸಸ್ಯಗಳು ಬೇಲಿಯೊಳಗಿರಲಿ. ಮುಟ್ಟುವ ಭಾಗದಲ್ಲಿ ಅಗೆಯಲು ಮಣ್ಣು, ತಡೆದು ತಿರುಗಿಸಲು ಹರಿಯುವ ನೀರು, ಹೊತ್ತು ಜೋಡಿಸಲು ಕಡ್ಡಿ, ಕಲ್ಲು, ಉದುರಿದ ಕಾಯಿಗಳಿರಲಿ. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್‌ಸನ್ನರು, ಮಕ್ಕಳು ಸಿದ್ಧ ಆಟದ ಮೈದಾನಗಳಿಗಿಂತ ಕಟ್ಟಡ ಕಟ್ಟುವ ಸ್ಥಳಗಳನ್ನೇ ಹೆಚ್ಚಾಗಿ ಮೆಚ್ಚುವುದನ್ನು ಗಮನಿಸಿದ್ದರು. ಅವರ ಈ ಆಲೋಚನೆಯಂತೆ 1943ರಲ್ಲಿ ಕೋಪನ್‌ಹೇಗನ್ನಿನಲ್ಲಿ, ಹಲಗೆ, ಇಟ್ಟಿಗೆಗಳಂತಹ ಬಿಡಿ ಸಾಮಗ್ರಿಗಳೇ ಆಟದ ಸಲಕರಣೆಗಳಾದ ಮೈದಾನವೊಂದು ಆರಂಭವಾಯಿತು.

ಸಸ್ಯಗಳ ಆಯ್ಕೆಯೂ ಇದಕ್ಕೆ ಅನುಗುಣವಾಗಿರತಕ್ಕದ್ದು. ನಮ್ಮ ನಾಡಿನ ಕೆಲವು ಚಿಟ್ಟೆಗಳ ಮರಿಹುಳುಗಳು ನಿಂಬೆ, ಕರಿಬೇವಿನ ಎಲೆಗಳನ್ನು ತಿಂದು ಬೆಳೆಯುತ್ತವೆ; ಬೇರೆ ಕೆಲವಕ್ಕೆ ಎಕ್ಕವೇ ಆಹಾರ. ಎಕ್ಕದ ಹಾಲು ಕಣ್ಣಿಗೆ ಅಪಾಯಕರವಾದುದರಿಂದ ಆ ಗಿಡ ನೋಡುವ ಭಾಗದಲ್ಲಿರುವುದೇ ಲೇಸು. ಕೆಲವು ವಾರಗಳ ಅಂತರದಲ್ಲಿ ತರಗತಿಯನ್ನು ಎರಡು ಮೂರು ಸಲ ಕರೆತಂದರೆ ಹುಳು, ಕೋಶ, ಚಿಟ್ಟೆ ಎಂಬ ಮೂರು ಅವಸ್ಥೆಗಳನ್ನೂ ಮಕ್ಕಳು ಪ್ರತ್ಯಕ್ಷವಾಗಿ ಕಾಣಬಹುದು. ಎಲೆಯ ಅಂದ ಕೆಟ್ಟಿತೆಂದು ಔಷಧ ಸಿಂಪಡಿಸಿದರೆ ಹುಳುವಿನೊಡನೆ ಪಾಠವೂ ಅಳಿಯುತ್ತದೆ.

ಆದ್ದರಿಂದ ಇಂತಹ ಉದ್ಯಾನದ ಯಶಸ್ಸು ವೆಚ್ಚಕ್ಕಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುವವರ ದೃಷ್ಟಿಯನ್ನು ಅವಲಂಬಿಸಿದೆ. ತುಳಿದು ಸವೆದ ನೆಲವೂ ಹುಳು ತಿಂದ ಎಲೆಯೂ ಅವರಿಗೆ ದೋಷಗಳಾಗಿ ಕಾಣುವವರೆಗೆ ಮಗು ಅಲ್ಲಿ ಪ್ರೇಕ್ಷಕನಾಗಿಯೇ ಉಳಿಯುವುದೆಂದು ನಾವು ಭಾವಿಸುತ್ತೇವೆ.