ಇಲ್ಲದ ಷರಿಯತ್ತಿಗೆ ಬೇಲಿ

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಸಂವಿಧಾನವಿದೆ. 2010ರ ನವೆಂಬರ್ 2ರಂದು ಒಕ್ಲಹೋಮಾದ ಮತದಾರರು ತಮ್ಮ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಒಪ್ಪಿದರು. ರಾಜ್ಯದ ನ್ಯಾಯಾಲಯಗಳು ಅಂತರರಾಷ್ಟ್ರೀಯ ಕಾನೂನನ್ನಾಗಲಿ, ಇಸ್ಲಾಮಿನ ಷರಿಯತ್ತನ್ನಾಗಲಿ ಪರಿಗಣಿಸಕೂಡದು ಎಂಬುದೇ ಆ ತಿದ್ದುಪಡಿ. ಪರವಾಗಿ ಬಿದ್ದದ್ದು ನೂರಕ್ಕೆ ಸುಮಾರು ಎಪ್ಪತ್ತು ಮತ.

ಹಾಗಾದರೆ ಅಲ್ಲಿ ಷರಿಯತ್ತಿನ ಹಾವಳಿ ಅಷ್ಟಿತ್ತೆ? ರಾಜ್ಯದ ನ್ಯಾಯಾಲಯವೊಂದು ಷರಿಯತ್ ಅನ್ವಯಿಸಿದ ಒಂದೇ ಒಂದು ಉದಾಹರಣೆಯನ್ನೂ ಮುಂದೆ ಮೇಲ್ಮನವಿಯಲ್ಲಿ ರಾಜ್ಯದ ಪರ ವಕೀಲರು ಕೊಡಲಾಗಲಿಲ್ಲ.

ಬೆಂಬಲಿಗರು ಬೊಟ್ಟು ಮಾಡಿದ್ದು ದೂರದ ನ್ಯೂಜೆರ್ಸಿಯ ಪ್ರಕರಣವೊಂದನ್ನು. ಗಂಡನ ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ಕೋರಿ ಬಂದ ಹೆಂಡತಿಗೆ ಅಲ್ಲಿನ ನ್ಯಾಯಾಧೀಶರೊಬ್ಬರು 2009ರಲ್ಲಿ ರಕ್ಷಣಾ ಆದೇಶ ನಿರಾಕರಿಸಿದ್ದರು. ಗಂಡ ತನ್ನ ಧರ್ಮ ಒಪ್ಪುತ್ತದೆಂದು ನಂಬಿ ನಡೆದಿದ್ದ, ಆದ್ದರಿಂದ ಅವನಿಗೆ ಅಪರಾಧದ ಉದ್ದೇಶ ಇರಲಿಲ್ಲ ಎಂಬುದು ಅವರ ತರ್ಕ. ತೀರ್ಪು ತಪ್ಪೆಂಬುದರಲ್ಲಿ ಅನುಮಾನವಿಲ್ಲ. ಆದರೆ 2010ರ ಜುಲೈನಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು, ಅದೂ ಇದ್ದ ಕಾನೂನಿನ ಬಲದಿಂದಲೇ!

ಭಾರತದ ಓದುಗರಿಗೆ ಇಲ್ಲಿ ಗೊಂದಲ ಸಹಜ. ಇಲ್ಲಿ 1937ರ ಷರಿಯತ್ ಅನ್ವಯ ಕಾಯಿದೆಯ ಪ್ರಕಾರ ಮುಸ್ಲಿಮರ ಮದುವೆ, ವಿಚ್ಛೇದನ, ಉತ್ತರಾಧಿಕಾರಗಳಿಗೆ ವೈಯಕ್ತಿಕ ಕಾನೂನು ಅನ್ವಯವಾಗುತ್ತದೆ. ಅಮೆರಿಕದಲ್ಲಿ ಅಂಥ ವ್ಯವಸ್ಥೆ ಇಲ್ಲ. ಅಲ್ಲಿ ಧರ್ಮದ ನಿಯಮ ನ್ಯಾಯಾಲಯದ ಬಾಗಿಲಿಗೆ ಬರುವುದು ಹೆಚ್ಚಾಗಿ ಖಾಸಗಿ ಕಾಗದಗಳ ಮೂಲಕ: ಉಯಿಲು, ಮದುವೆಯ ಒಪ್ಪಂದ, ಪಂಚಾಯ್ತಿಯ ತೀರ್ಮಾನ. ಪರದೇಶದ ಕಾನೂನು ಬರುವುದೂ ಹೀಗೆಯೇ. ಹುಬ್ಬಳ್ಳಿಯಲ್ಲಿ ಮದುವೆಯಾದ ದಂಪತಿಯ ವ್ಯಾಜ್ಯ ಅಲ್ಲಿ ನಡೆದರೆ, ಆ ಮದುವೆ ಸಿಂಧುವೇ ಎಂದು ತಿಳಿಯಲು ನ್ಯಾಯಾಧೀಶರು ಸಾಮಾನ್ಯವಾಗಿ ಭಾರತದ ಕಾನೂನನ್ನೇ ನೋಡಬೇಕಾಗುತ್ತದೆ.

ಒಕ್ಲಹೋಮಾದ ಮುಸ್ಲಿಂ ಸಂಘಟನೆಯ ಮುಖಂಡ ಮುನೀರ್ ಅವಾದ್ ನ್ಯಾಯಾಲಯಕ್ಕೆ ಹೋದದ್ದು ತಮ್ಮ ಉಯಿಲನ್ನು ಮುಂದಿಟ್ಟುಕೊಂಡು. ಬೇರೆ ಧರ್ಮದವರ ಉಯಿಲು ನಡೆಯುವುದಾದರೆ ಇಸ್ಲಾಮಿನ ನಿಯಮ ಹೇಳುವ ತಮ್ಮ ಉಯಿಲು ಮಾತ್ರ ಏಕೆ ನಡೆಯಬಾರದು ಎಂಬುದು ಅವರ ವಾದ. ನ್ಯಾಯಾಧೀಶೆ ವಿಕಿ ಮೈಲ್ಸ್-ಲಗ್ರಾಂಜ್ ಅದೇ ನವೆಂಬರ್‌ನಲ್ಲಿ ತಡೆಯಾಜ್ಞೆ ನೀಡಿದರು. 2012ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2013ರ ಆಗಸ್ಟ್‌ನಲ್ಲಿ ತಡೆ ಶಾಶ್ವತವಾಯಿತು.

ಅಷ್ಟರಲ್ಲಿ ಇನ್ನೊಂದು ದಾರಿ ಸಿದ್ಧವಾಗಿತ್ತು. ವಕೀಲ ಡೇವಿಡ್ ಯೆರುಶಲ್ಮಿ ರಚಿಸಿದ ಮಾದರಿ ಮಸೂದೆಯಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಸಂವಿಧಾನದ ಹಕ್ಕುಗಳಿಗೆ ವಿರುದ್ಧವಾದ ಪರದೇಶದ ಕಾನೂನನ್ನು ಅನ್ವಯಿಸಬಾರದು ಎಂದಷ್ಟೇ ಅದು ಹೇಳುತ್ತದೆ. ಇಂಥ ಅಧಿಕಾರ ನ್ಯಾಯಾಧೀಶರಿಗೆ ಮೊದಲಿನಿಂದಲೂ ಇತ್ತೆನ್ನಿ. 2010ರಲ್ಲಿ ಟೆನೆಸಿ, ಲೂಸಿಯಾನಾ, 2011ರಲ್ಲಿ ಅರಿಜೋನಾ, 2012ರಲ್ಲಿ ಕಾನ್ಸಾಸ್ ಇಂಥ ಕಾಯಿದೆ ತಂದವು. 2013ರ ಏಪ್ರಿಲ್‌ನಲ್ಲಿ ಒಕ್ಲಹೋಮಾ ಕೂಡ.

ಮಾದರಿ ಮಸೂದೆಯ ಒಂದು ಕಲಮು ಕುತೂಹಲಕರ. ಪರದೇಶದ ಕಾನೂನಿಗೆ ಒಳಪಡಲು ಕಂಪನಿಗಳು ಮಾಡಿಕೊಂಡ ಒಪ್ಪಂದಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ವಿಚ್ಛೇದನದ ಹೊತ್ತಿಗೆ ಗಂಡ ಬರೆದುಕೊಟ್ಟ ಮಹರ್ ಹಣ ಕೇಳುವ ಹೆಂಡತಿಗೆ ಆ ವಿನಾಯಿತಿ ಇಲ್ಲ.