ಅರಮನೆಯ ನೆಲವೂ ಬಡಗಿಯ ಜಾಣ್ಮೆಯೂ

ದಿನವೂ ಹೋಟೆಲಿನ ನೆಲಕ್ಕೆ ನೀರು ಹಾಕಿ ಒರೆಸುವ ನಮ್ಮ ಬಂಧುಗಳಿಗೆ ನೀರಿನ ಗುಣವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಸಂದು ಸಿಕ್ಕಿದೆಡೆಯಲ್ಲಿ ಅದು ಇಳಿದೇ ತೀರುವುದು. ಹೀಗೆ ಇಳಿದ ನೀರು ಫ್ರಾನ್ಸ್ ದೇಶದ ಸುಪ್ರಸಿದ್ಧ ವರ್ಸೈ ಅರಮನೆಯ ನೆಲವನ್ನೇ ಬದಲಿಸಿತೆಂಬುದು ಕುತೂಹಲದ ಸಂಗತಿ.

ಹದಿನಾಲ್ಕನೆಯ ಲೂಯಿ ದೊರೆಯು 1682ರಲ್ಲಿ ತನ್ನ ಆಸ್ಥಾನವನ್ನು ಅಲ್ಲಿಗೆ ಸಾಗಿಸಿದನು. ಮೇಲಂತಸ್ತಿನ ಕೋಣೆಗಳಿಗೆ ಅಮೃತಶಿಲೆಯನ್ನು ಹಾಸಿದ್ದರು. ಅದನ್ನು ತೊಳೆದ ನೀರು ಸಂದುಗಳಿಂದ ಇಳಿದು ಕೆಳಗಿನ ಮರದ ತೊಲೆಗಳನ್ನು ಕೊಳೆಯಿಸತೊಡಗಿತು. ಆದುದರಿಂದ 1684ರಲ್ಲಿ ಕಲ್ಲನ್ನು ತೆಗೆಸಿ ಓಕ್ ಮರದ ನೆಲವನ್ನು ಹಾಕಿಸಿದರು.

ಆದರೆ ಮರವನ್ನು ಹಾಸುವುದು ಕಲ್ಲನ್ನು ಹಾಸಿದಷ್ಟು ಸುಲಭವಲ್ಲ. ಕಡಿದ ಮೇಲೂ ಮರವು ಸುಮ್ಮನಿರುವುದಿಲ್ಲ. ತೇವದಲ್ಲಿ ಉಬ್ಬುವುದು, ಒಣಹವೆಯಲ್ಲಿ ಕುಗ್ಗುವುದು. ಅದೂ ಉದ್ದಕ್ಕೆ ಅತ್ಯಲ್ಪ, ಅಗಲಕ್ಕೆ ಹೆಚ್ಚು. ಇದನ್ನರಿತ ಬಡಗಿಗಳು ಹೆಚ್ಚುಕಡಿಮೆ ಒಂದು ಮೀಟರ್ ಅಳತೆಯ ಚೌಕಗಳನ್ನು ಮಾಡಿ, ಅವುಗಳೊಳಗೆ ಗಿಡ್ಡ ಪಟ್ಟಿಗಳನ್ನು ಚಾಪೆ ಹೆಣೆದಂತೆ ಓರೆಯಾಗಿ ಕೂಡಿಸಿದರು. ಒಂದು ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಸೇರಿಸಿ, ಮರದ ಗೂಟದಿಂದ ಬಿಗಿದರು. ಪಟ್ಟಿಗಳು ಗಿಡ್ಡವಾದುದರಿಂದ ಉಬ್ಬುವಿಕೆಯು ಒಂದೆಡೆ ಕೂಡಿಕೊಳ್ಳದೆ ನೂರಾರು ಸಂದುಗಳಲ್ಲಿ ಹಂಚಿಹೋಗುವುದು. ನೋಡುವವರಿಗೆ ಚಿತ್ತಾರವಾಗಿ ಕಾಣುವುದು ವಾಸ್ತವವಾಗಿ ನೆಲವನ್ನು ಕಾಯುವ ಉಪಾಯವೇ ಆಗಿದೆ. ಈ ವಿನ್ಯಾಸಕ್ಕೆ ಇಂದಿಗೂ ವರ್ಸೈಯ ಹೆಸರೇ ಇದೆ.

ದೊಡ್ಡ ಸಭಾಂಗಣಗಳಲ್ಲಿ ಇಂತಹ ನೆಲವನ್ನು ಹಾಸುವವರು ಮರವನ್ನು ಕೆಲವು ದಿನ ಅದೇ ಕೋಣೆಯಲ್ಲಿಟ್ಟು ಅಲ್ಲಿಯ ಹವೆಗೆ ಒಗ್ಗಿಸುವರು. ಬಳಿಕ ನಡುಮಧ್ಯದಲ್ಲಿ ದಾರ ಹಿಡಿದು ಅಲ್ಲಿಂದ ಕೆಲಸ ತೊಡಗುವರು. ಇಲ್ಲವಾದರೆ ಎದುರುಬದುರಿನ ಗೋಡೆಗಳ ಬಳಿ ಚೌಕಗಳು ಅಸಮವಾಗಿ ತುಂಡಾಗುವುವು. ಗೋಡೆಯ ಅಂಚಿಗೆ ಸಂದು ಬಿಟ್ಟು ಅದನ್ನು ಮರದ ಪಟ್ಟಿಯಿಂದ ಮರೆಮಾಡುವರು. ಆ ಸಂದನ್ನು ಬಿಡದಿದ್ದರೆ ಮಳೆಗಾಲದಲ್ಲಿ ನೆಲವು ಬೆನ್ನೆತ್ತಿ ನಿಲ್ಲುವುದು.

ಇಷ್ಟೆಲ್ಲ ಮೊಣಕಾಲೂರಿ ಮಾಡುವ ಕೆಲಸ. ಪ್ಯಾರಿಸಿನ ಚಿತ್ರಕಾರ ಗುಸ್ತಾವ್ ಕೈಬೋತ್ 1875ರಲ್ಲಿ ಮರದ ನೆಲವನ್ನು ಹೆರೆಯುತ್ತಿರುವ ಮೂವರು ಬರಿಮೈಯ ಕೂಲಿಕಾರರನ್ನು ಚಿತ್ರಿಸಿದನು. ಅಂದಿನ ಅಧಿಕೃತ ಪ್ರದರ್ಶನದವರು ಅದನ್ನು ತಿರಸ್ಕರಿಸಿದರು. ಇಂದು ಅದೇ ಚಿತ್ರವು ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿ ಗೌರವದ ಸ್ಥಾನವನ್ನು ಪಡೆದಿದೆ.

ವರ್ಸೈ ಅರಮನೆಯು 1837ರಿಂದ ವಸ್ತುಸಂಗ್ರಹಾಲಯವಾಗಿದೆ. ಬಂದವರ ಕಣ್ಣೆಲ್ಲ ಕನ್ನಡಿಗಳ ಮೇಲೆಯೂ ಮಾಳಿಗೆಯ ಚಿತ್ರಗಳ ಮೇಲೆಯೂ ಇರುವುದು ಸಹಜವೇ. ನೆಲದ ಕೆಲಸವನ್ನು ಬಲ್ಲ ನಮ್ಮವರು ಯಾರಾದರೂ ಅಲ್ಲಿಗೆ ಹೋದಲ್ಲಿ, ಒಮ್ಮೆ ಕಾಲಡಿಯನ್ನೂ ನೋಡಿ ಬರಲಿ.