ಸೂಜಿಯಂತೆ ಚುಚ್ಚುವ ನೀರು

ಊರ ಹೊರಗಿನ ರಸ್ತೆಯಲ್ಲಿ ಲಾರಿ, ಕಾರು, ಬೈಕುಗಳಿಗೆ ‘ವಾಟರ್ ಸರ್ವೀಸ್’ ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಹುಡುಗ ಗನ್ ಹಿಡಿದು ನೀರು ಚಿಮ್ಮಿಸಿದರೆ ಸಾಕು, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಅಂಟಿದ ಕೆಸರೂ ಕಳಚಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಅದೇ ನೀರಿಗೆ ತನ್ನ ಕಾಲನ್ನೂ ಒಡ್ಡಿ ತೊಳೆದುಕೊಳ್ಳುತ್ತಾನೆ. ನೀರು ತಾನೇ, ಏನಾದೀತು ಎಂಬ ಧೈರ್ಯ.

ಈ ಧೈರ್ಯ ಒಳ್ಳೆಯದಲ್ಲ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಈಗ ಅಂಗಡಿಗಳಲ್ಲಿ ಸಿಗುವ ಪ್ರೆಷರ್ ವಾಷರ್‌ಗಳ ಒತ್ತಡ ಸಾಮಾನ್ಯವಾಗಿ 100 ಬಾರ್‌ಗೂ ಹೆಚ್ಚು. ಬೆಲ್ಟಿನಿಂದ ತಿರುಗುವ ಹಳೆಯ ಪಂಪುಗಳಲ್ಲಿ ಇಷ್ಟಿಲ್ಲದಿರಬಹುದು. ಆದರೆ ಸಣ್ಣ ರಂಧ್ರದಿಂದ ಬರುವ ಧಾರೆ ಚರ್ಮವನ್ನು ತೂರಲು ಸುಮಾರು 7 ಬಾರ್ ಒತ್ತಡವೇ ಸಾಕಾಗಬಹುದು!

ಇಂಥ ಗಾಯದ ಮೋಸವಿರುವುದು ಅದರ ತೋರಿಕೆಯಲ್ಲಿ. ಹೊರಗೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು. ರಕ್ತ ಹೆಚ್ಚು ಬರುವುದಿಲ್ಲ, ಮೊದಮೊದಲು ನೋವೂ ಕಡಿಮೆ. ಒಳಗೆ ಮಾತ್ರ ನೀರು ಸ್ನಾಯುರಜ್ಜುಗಳ ಪೊರೆಯುದ್ದಕ್ಕೂ ಹರಿದು ಅಂಗೈವರೆಗೂ ಹೋಗಿರಬಹುದು. ಕೆಲವು ಗಂಟೆಗಳಲ್ಲಿ ಬೆರಳು ಊದಿಕೊಂಡು ರಕ್ತನಾಳಗಳು ಅದುಮಿಹೋಗುತ್ತವೆ. ಹೀಗೆ ಪೆಯಿಂಟ್ ಅಥವಾ ಥಿನ್ನರ್ ಒಳಹೊಕ್ಕಾಗ ಬೆರಳನ್ನೇ ಕತ್ತರಿಸಬೇಕಾಗಿ ಬಂದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ಬಹಳ ಇವೆ. ಶುದ್ಧ ನೀರಿನ ಹಾನಿ ಅಷ್ಟಿಲ್ಲ. ಆದರೆ ವಾಹನ ತೊಳೆಯುವ ಕಡೆ ನೀರಿನ ಜೊತೆ ಸೋಪು, ಗ್ರೀಸು, ಡೀಸೆಲ್, ಕೆಸರು ಎಲ್ಲವೂ ಇರುತ್ತದಲ್ಲ!

ಹೆಚ್ಚಾಗಿ ಗಾಯವಾಗುವುದು ಎಡಗೈ ತೋರುಬೆರಳಿಗೆ. ಬಲಗೈಯಲ್ಲಿ ಗನ್ ಹಿಡಿದು, ಕಟ್ಟಿಕೊಂಡ ನಾಝಲ್ ಅನ್ನು ಎಡಗೈ ಬೆರಳಿನಿಂದ ಒರೆಸಲು ಹೋಗುವುದೇ ಇದಕ್ಕೆ ಕಾರಣ. ಹೀಗಾದಾಗ ಬೆರಳನ್ನು ಹಿಂಡಬೇಡಿ, ಅರಿಸಿನ ಮೆತ್ತಿ ನಾಳೆ ನೋಡೋಣ ಎನ್ನಬೇಡಿ. ಉಂಗುರ ತೆಗೆದು, ಕೈಯನ್ನು ಮೇಲಕ್ಕೆತ್ತಿ ಹಿಡಿದು, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ. ಯಂತ್ರದ ಒತ್ತಡ ಎಷ್ಟು, ನೀರಿಗೆ ಏನು ಬೆರೆತಿತ್ತು, ಎಷ್ಟು ಹೊತ್ತಾಯಿತು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ‘ಏನೋ ಚುಚ್ಚಿತು’ ಎಂದಷ್ಟೇ ಹೇಳಿದರೆ ಟೆಟನಸ್ ಇಂಜೆಕ್ಷನ್ ಕೊಟ್ಟು ಕಳಿಸಿಬಿಡುವ ಸಂಭವವಿದೆ.

ಇದರಲ್ಲಿ ಹುಡುಗನ ಅಜಾಗರೂಕತೆ ಎಷ್ಟು, ಯಂತ್ರ ತಂದ ಮಾಲೀಕರ ಪಾಲೆಷ್ಟು? ನನ್ನ ಅಭಿಪ್ರಾಯದಲ್ಲಿ ಮಾಲೀಕರದೇ ಹೆಚ್ಚು. ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾದ ಯಂತ್ರದಲ್ಲಿ ಟ್ರಿಗರ್ ಬಿಟ್ಟ ಕೂಡಲೇ ನೀರು ನಿಲ್ಲುತ್ತದೆ, ಅದನ್ನು ಲಾಕ್ ಮಾಡಿಡಲೂ ಬರುತ್ತದೆ. ಒತ್ತಡ ಮಿತಿ ಮೀರದಂತೆ ಒಳಗೇ ವ್ಯವಸ್ಥೆ ಇರುತ್ತದೆ. ಟ್ರಿಗರ್‌ಗೆ ತಂತಿ ಬಿಗಿದು ಸದಾ ತೆರೆದಿಟ್ಟ ಗನ್ನುಗಳನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಕೈ ಜಾರಿದರೆ ಅದು ಹಾವಿನಂತೆ ಹೊರಳಾಡಿ ಎದುರಿದ್ದವರ ಕಣ್ಣಿಗೇ ಹೊಡೆದೀತು.

ಇನ್ನು ವಿದ್ಯುತ್ತು. ಒದ್ದೆ ನೆಲ, ಬರಿಗಾಲು, ಕೈಯಲ್ಲಿ ಲೋಹದ ಗನ್. ಇಷ್ಟರ ಮೇಲೆ ಪ್ಲಗ್ಗೇ ಇಲ್ಲದೆ ವೈರನ್ನು ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕಿದರೆ ಯಮನನ್ನು ಕರೆದಂತೆಯೇ. ಅರ್ತಿಂಗ್ ಸರಿಯಿರಬೇಕು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದರೆ ವಿದ್ಯುತ್ ಸೋರಿದ ತಕ್ಷಣ ಸಂಪರ್ಕ ಕಡಿದುಹೋಗುತ್ತದೆ. ಯಂತ್ರದ ಮೇಲೆ ‘ಐಪಿಎಕ್ಸ್5’ ಎಂದಿದ್ದರೆ ಎಲ್ಲ ದಿಕ್ಕಿನಿಂದ ಬೀಳುವ ನೀರಿನ ಧಾರೆಯನ್ನು ತಡೆಯುವುದೆಂದು ಅರ್ಥ, 4 ಎಂದಿದ್ದರೆ ಬರಿಯ ಎರಚಲನ್ನು ಮಾತ್ರ.

ಕರೆಂಟ್ ಹೋದಾಗ ಕೆಲಸ ನಿಲ್ಲಬಾರದೆಂದು ಕೆಲವರು ಪೆಟ್ರೋಲ್ ಎಂಜಿನ್ನಿನ ವಾಷರ್ ಕೊಳ್ಳುತ್ತಾರೆ. ಅದನ್ನು ಷೆಡ್ಡಿನೊಳಗೆ ಓಡಿಸುವುದು ಪ್ರಾಣಾಂತಿಕ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಕೊಟ್ಟಿಗೆ ತೊಳೆಯಲು ಇಂಥ ಯಂತ್ರ ಬಳಸಿದ ರೈತನೊಬ್ಬ ಸುಮಾರು ಅರ್ಧ ಗಂಟೆಯಲ್ಲಿ ಕುಸಿದು ಸತ್ತ ಘಟನೆಯನ್ನು ಅಮೆರಿಕದ ಸರ್ಕಾರಿ ಸಂಸ್ಥೆ ‘ನಿಯೋಶ್’ 1996ರಲ್ಲಿ ತನ್ನ ಎಚ್ಚರಿಕೆ ಪ್ರಕಟಣೆಯಲ್ಲಿ ವಿವರಿಸಿದೆ. ಈ ವಿಷಯದಲ್ಲಿ ಪ್ರಮಾಣಪತ್ರವೂ ಕಾಪಾಡದು, ಬಯಲಲ್ಲೇ ಓಡಿಸಬೇಕು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಈ ಯಂತ್ರಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ‘ಐಇಸಿ 60335-2-79’. ಅದರಂತೆ ಪರೀಕ್ಷೆಯಾಗಿದೆಯೇ, ಪರೀಕ್ಷಿಸಿದವರು ಯಾರು ಎಂದು ಕೇಳಿ ಕಾಗದ ಪಡೆಯಿರಿ. ‘ಸಿಇ’ ಎಂಬ ಗುರುತನ್ನು ಎಷ್ಟೋ ವೇಳೆ ತಯಾರಕರೇ ಘೋಷಿಸಿಕೊಂಡು ಹಾಕುತ್ತಾರೆ, ಅದೊಂದನ್ನೇ ನಂಬಬೇಡಿ. ಪ್ಲಗ್ಗು, ಸಾಕೆಟ್ಟುಗಳಿಗೆ ಐಎಸ್‌ಐ ಗುರುತಿರಲಿ. ಹುಡುಗನಿಗೆ ಗಂಬೂಟು, ಕನ್ನಡಕ ಕೊಡಿಸಿ. ನಾಝಲ್‌ಗಳಲ್ಲಿ ಕೆಂಪು ಬಣ್ಣದ್ದು ಸಾಮಾನ್ಯವಾಗಿ ಅತಿ ಚೂಪಾದ ಧಾರೆಯದು, ದಿನದ ಕೆಲಸಕ್ಕೆ ಅದು ಬೇಡ. ಹೋಸ್ ಪೈಪಿನ ಮೇಲೆ ಅದು ತಾಳುವ ಒತ್ತಡ ಅಚ್ಚಾಗಿರುತ್ತದೆ, ಯಂತ್ರದ ಒತ್ತಡಕ್ಕಿಂತ ಅದು ಕಡಿಮೆ ಇರಕೂಡದು. ಪೈಪು ಎಲ್ಲಾದರೂ ಉಬ್ಬಿದ್ದರೆ ಸೈಕಲ್ ಟ್ಯೂಬ್ ಸುತ್ತಿ ಮುಂದುವರಿಸದೆ, ಅಂದೇ ಹೊಸದನ್ನು ಹಾಕಿಸಿ.